ಇಪ್ಪತ್ತನೆಯ ಮರ

ಎರಡನೆಯ ಏಟಿಗೆ ಗುರುತುಗಾರನ ಕನ್ನಡಕ ಹಾರಿ ಮರದ ಪುಡಿಯೊಳಗೆ ಬಿತ್ತು. ಮೊದಲನೆಯದು ಬೆನ್ನಿಗೆ ಬಿದ್ದಾಗ ಯಾರೋ ಸಲಿಗೆಯಿಂದ ಗುದ್ದಿದರೆಂದುಕೊಂಡಿದ್ದ. ನಿವೃತ್ತಿಗೆ ನಾಲ್ಕು ತಿಂಗಳಷ್ಟೇ ಉಳಿದಿರುವ ಸರ್ಕಾರಿ ನೌಕರನನ್ನು ಹಾಡುಹಗಲಲ್ಲಿ, ಸರ್ಕಾರದ ಕಾಡಿನೊಳಗೇ, ಹೀಗೆ ಹೊಡೆಯುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ. ಮಂಡಿಯೂರಿದವನು ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿದ. ಆ ಕೈಯಲ್ಲಿ ಸುತ್ತಿಗೆ ಇತ್ತು.

"ಬಿಡು ಅಜ್ಜಾ, ಅದೇನು ನಿನ್ನ ಮಗುನಾ?" ಎಂದ ಗೂಳಿ. ಕತ್ತಿಲ್ಲದೆ ತಲೆ ನೇರವಾಗಿ ಭುಜದ ಮೇಲೆ ಕೂತಂತಿದ್ದುದರಿಂದ ಎಲ್ಲರೂ ಅವನನ್ನು ಹಾಗೆ ಕರೆಯುತ್ತಿದ್ದರು. ಮರ ಕಡಿಯುವ ಗುತ್ತಿಗೆದಾರನ ಬಲಗೈ ಅವನೇ. ಮೋಟು ಎಂಬ ಅವನ ಜೊತೆಗಾರ ಕೊಡಲಿ ಊರಿಕೊಂಡು ದಾರಿಯ ಕಡೆ ನೋಡುತ್ತಿದ್ದ.

ಸುತ್ತಿಗೆ ಮೊಳದುದ್ದವಿತ್ತು. ಅದರ ತಲೆಯ ಒಂದು ಮುಖದಲ್ಲಿ ಸರ್ಕಾರದ ಮುದ್ರೆ ಕೊರೆದಿತ್ತು. ಯಾವ ಮರ ಕಡಿಯಬಹುದೆಂದು ಆರಿಸುವುದು ಗುರುತುಗಾರನ ಕೆಲಸ. ಆರಿಸಿದ ಮರದ ತೊಗಟೆ ಕೆತ್ತಿ, ಎದೆಮಟ್ಟದಲ್ಲಿ ಒಂದು, ಬುಡದಲ್ಲಿ ಒಂದು, ಎರಡು ಏಟು ಹಾಕಿ, ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದ. ಎದೆಯ ಗುರುತು ಲಾರಿ ಹತ್ತಿ ಹೋಗುತ್ತದೆ; ಬುಡದ್ದು ನೆಲದಲ್ಲೇ ಉಳಿಯುತ್ತದೆ. ಆಮೇಲೆ ತಪಾಸಣೆಗೆ ಬಂದವರು ಬುಡದಿಂದ ಬುಡಕ್ಕೆ ನಡೆದು ನೋಡುತ್ತಾರೆ. ಗುರುತಿಲ್ಲದ ಬುಡ ಒಂದೇ ಒಂದು ಸಿಕ್ಕರೂ ಗುತ್ತಿಗೆ ರದ್ದು, ಯಂತ್ರಗಳು ಜಪ್ತಿ, ಕಡಿದ ಮೇಸ್ತ್ರಿಗೆ ಸೆರೆಮನೆ. ಗುಡ್ಡದ ಆಚೆ ಮಗ್ಗುಲು ಬೋಳಾದ ಮೇಲೆ ಬಂದ ಕಾನೂನು ಅದು. ಬೀಜಕ್ಕೆಂದು ಬಿಟ್ಟ ದಪ್ಪ ಮರಗಳನ್ನಂತೂ ಮುಟ್ಟಲೇಬಾರದು; ಅವಕ್ಕೆ ಗುರುತು ಬಿದ್ದಿದ್ದರೆ ಹೊಣೆ ಗುರುತುಗಾರನದು.

ಈ ದಿನ ಮಧ್ಯಾಹ್ನ ತಪಾಸಣೆ ಇತ್ತು. ಅದಕ್ಕೆ ಮೊದಲು ಒಂದು ಸುತ್ತು ನೋಡಿಬರೋಣವೆಂದು ಬಂದವನ ಕಣ್ಣಿಗೆ ಬಿದ್ದದ್ದು, ಊಟದ ಮೇಜಿನಷ್ಟು ಅಗಲದ ಹತ್ತೊಂಬತ್ತು ಹಸಿ ಬುಡಗಳು. ಒಂದರಲ್ಲೂ ಗುರುತಿರಲಿಲ್ಲ. ಎಲ್ಲವೂ ಬೀಜದ ಮರಗಳು. ಕಡಿದ ಕೈ ಯಾರದೆಂದು ಕೇಳಬೇಕಾಗಿರಲಿಲ್ಲ. ಅಷ್ಟು ನುಣ್ಣಗೆ ಕೊಯ್ಯುವವನು ಈ ಕಾಡಿನಲ್ಲಿ ಒಬ್ಬನೇ.

ಆ ಒಬ್ಬನು ಹತ್ತು ಹೆಜ್ಜೆ ಆಚೆ, ಇವರಿಗೆ ಬೆನ್ನು ಹಾಕಿ ಕೂತು, ಯಂತ್ರಗರಗಸದ ಹಲ್ಲುಗಳಿಗೆ ಅರ ಉಜ್ಜುತ್ತಿದ್ದ. ಅವನು ಮೇಸ್ತ್ರಿ, ಗುರುತುಗಾರನ ಹೆಂಡತಿಯ ತಮ್ಮ. ಒಂಬತ್ತು ವರ್ಷದವನಿದ್ದಾಗ ತಾಯಿ ಸತ್ತು ಅಕ್ಕನ ಮನೆಗೆ ಬಂದವನು. ಅವನ ಕೂದಲು ಅಂಗಿಯ ಕೊರಳುಪಟ್ಟಿ ದಾಟಿ ಇಳಿದಿತ್ತು. ಗುರುತುಗಾರನದೂ ಹಾಗೆಯೇ. ಇಬ್ಬರನ್ನೂ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬರಾದ ಮೇಲೊಬ್ಬರನ್ನು ಕೂರಿಸಿ, ಒಂದೇ ಕತ್ತರಿಯಲ್ಲಿ ಕೂದಲು ಕತ್ತರಿಸುತ್ತಿದ್ದವಳು ಸತ್ತು ಮೂರು ತಿಂಗಳಾಗಿತ್ತು.

"ಕೊಟ್ಬಿಡಿ ಭಾವ," ಎಂದ ಮೇಸ್ತ್ರಿ, ತಿರುಗದೆ. "ಹತ್ತೊಂಬತ್ತು ಏಟು. ಪುಸ್ತಕದಲ್ಲಿ ಹತ್ತೊಂಬತ್ತು ಸಾಲು. ಯಾರಪ್ಪನ ಗಂಟು ಹೋಗತ್ತೆ?"

"ಕಡಿಯೋವಾಗ ನನ್ನ ಕೇಳಿದ್ಯೇನೋ?"

"ಕೇಳಿದ್ರೆ ಬಿಡ್ತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ಧಣಿ ಕಡಿ ಅಂದ್ರು, ಕಡಿದೆ. ಈಗ ಜೈಲಿಗೆ ಹೋಗೋನು ಧಣಿ ಅಲ್ಲ, ನಾನು. ನೀವೇ ಕಳಿಸ್ತೀರಾ?"

ಗುರುತುಗಾರ ಸುತ್ತಿಗೆಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ. ಮನಸ್ಸಿನೊಳಗೆ ದೇವರನ್ನು ಕರೆದ. ಏನು ಬೇಡಬೇಕೆಂದು ಮಾತ್ರ ತಿಳಿಯಲಿಲ್ಲ.

"ಇವರ ಮನೆ ಪಂಚಾಯ್ತಿ ಕೇಳ್ತಾ ಕೂತ್ರೆ ಸಂಜೆ ಆಗತ್ತೆ," ಎನ್ನುತ್ತ ಗೂಳಿ ಮುದುಕನ ಮೊಣಕಾಲಿಗೆ ಬೂಟುಗಾಲಿನಿಂದ ಒದ್ದ. ಒಳಗೆ ಏನೋ ಲಟಕ್ಕೆಂದಿತು. ಬಲಗೈಯನ್ನು ಎಳೆದು ಹತ್ತಿರದ ಬುಡದ ಮೇಲೆ ಚಾಚಿಸಿ, ಮಣಿಕಟ್ಟನ್ನು ತುಳಿದು ಹಿಡಿದು, ತನ್ನ ಕೊಡಲಿಯ ಹಿಂಬದಿಯಿಂದ ಬೆರಳುಗಳ ಮೇಲೆ ಹೊಡೆದ. ಮುಷ್ಟಿ ಬಿಚ್ಚಲಿಲ್ಲ. ಇನ್ನೊಮ್ಮೆ ಹೊಡೆದ. ಅರ ಉಜ್ಜುವ ಸದ್ದು ನಿಂತಿತು. ಮೂರನೆಯ ಏಟಿಗೆ ಮುದುಕ ಕಿರುಚಿದ. ಬೆರಳುಗಳು ತಾವಾಗಿ ತೆರೆದುಕೊಂಡವು. ಮೂರು ಬೆರಳುಗಳು ಬೆರಳಿನಂತೆ ಕಾಣುತ್ತಿರಲಿಲ್ಲ.

ಗೂಳಿ ಸುತ್ತಿಗೆಯನ್ನು ಒರೆಸಿ ಮೇಸ್ತ್ರಿಯ ಕಡೆ ಎಸೆದ. "ಹೋಗು, ಹೊಡ್ಕೊಂಡು ಬಾ."

ಮೇಸ್ತ್ರಿ ಎದ್ದ. ಗುರುತುಗಾರ ಕೆನ್ನೆಯನ್ನು ಮರದ ಪುಡಿಗೆ ಆನಿಸಿ ಮಲಗಿ ಕೇಳಿಸಿಕೊಂಡ. ಒಂದು. ಎರಡು. ಮೂರು. ಒಂದು ಬುಡಕ್ಕೆ ಒಂದೇ ಏಟು, ಮಣಿಕಟ್ಟು ಅಲುಗಬಾರದು, ಎರಡನೆಯದು ಬಿದ್ದರೆ ಮುದ್ರೆ ಕಲಸಿಹೋಗುತ್ತದೆ ಎಂದು ತಾನೇ ಕಲಿಸಿದ್ದ. ಹುಡುಗನಾಗಿದ್ದಾಗ ಅವನು ಅದನ್ನು ಹಿತ್ತಿಲಿನ ಕಟ್ಟಿಗೆಯ ಮೇಲೆ ಅಭ್ಯಾಸ ಮಾಡಿ ಅಕ್ಕನ ಕೈಲಿ ಬೈಸಿಕೊಳ್ಳುತ್ತಿದ್ದ. ಹತ್ತೊಂಬತ್ತು ಸದ್ದು ಕೇಳಿತು. ಎಲ್ಲಿಯೂ ಎರಡನೆಯ ಏಟು ಕೇಳಲಿಲ್ಲ.

ಗೂಳಿ ಮುದುಕನ ಜೇಬಿನಿಂದ ಪುಸ್ತಕ ತೆಗೆದು, ಪೆನ್ಸಿಲು ಸಿಕ್ಕಿಸಿದ್ದ ಪುಟ ತೆರೆದು, ಅವನ ಮುಖದ ಮುಂದೆ ಇಟ್ಟ. "ಹೂಂ. ಬರಿ ಈಗ."

ಮೊದಲು ನಕ್ಕವನು ಮೋಟು. "ಯಾವ ಕೈಯಲ್ಲಿ ಬರೀತಾನೋ? ಬರಿಯೋ ಕೈನೇ ಜಜ್ಜಿ ಹಾಕಿದ್ಯಲ್ಲೋ! ದೇವ್ರು ನಿಂಗೆ ಕತ್ತು ಕೊಟ್ಟಿಲ್ಲ ಸರಿ, ತಲೆನಾದ್ರೂ ಕೊಡಬಾರ್ದಿತ್ತಾ?"

"ನೀನು ಬರಿ."

"ಇಪ್ಪತ್ತು ವರ್ಷದಿಂದ ಕಚೇರೀಲಿ ಈ ಅಜ್ಜನ ಅಕ್ಷರ ನೋಡಿದಾರೆ. ನನ್ನ ಕೋಳಿಕಾಲು ನೋಡಿ ನಂಬ್ತಾರಾ?"

ಗೂಳಿ ಎದ್ದು ಆ ಕಡೆ ಈ ಕಡೆ ತಿರುಗಿದ. ತನ್ನ ತಪ್ಪಿಗೆ ತಾನೇ ಸಿಟ್ಟಾದವನು ಬೇರೆಯವರನ್ನು ನೋಡುವಂತೆ ಮುದುಕನನ್ನು ನೋಡಿದ. ನಂತರ ಸಮಾಧಾನದಿಂದಲೇ ಮಾತಾಡಿದ. ಬುಡಗಳಲ್ಲಿ ಗುರುತಿದೆ. ಇಲ್ಲವೆನ್ನುವುದು ಈ ಬಾಯಿ ಮತ್ತು ಈ ಪುಸ್ತಕ, ಎರಡೇ. ಮರ ಬಿದ್ದು ಗುರುತುಗಾರ ಸತ್ತ ಎಂದರೆ ಕಾಡಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಪುಸ್ತಕವನ್ನು ಒಲೆಗೆ ಹಾಕಿದರಾಯಿತು.

ಆಚೆಗೆ ಗುರುತಿದ್ದ ಒಂದು ಮರ ಇನ್ನೂ ನಿಂತಿತ್ತು. ಮೊನ್ನೆ ಗುರುತುಗಾರನೇ ಕೈಯಾರೆ ಹೊಡೆದದ್ದು. ಅವನ ಎರಡೂ ತೋಳು ಹಿಡಿದು ಎಳೆದುಕೊಂಡು ಹೋಗಿ, ಮರದಿಂದ ನಲವತ್ತು ಹೆಜ್ಜೆ ದೂರದಲ್ಲಿ ಕೆಡವಿದರು. ಮುರಿದ ಮೊಣಕಾಲು ನೆಲಕ್ಕೆ ತಾಗಿದಾಗಲೆಲ್ಲ ಅವನ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮೋಟು ಒಂದು ಗೂಟ ಚೂಪು ಮಾಡಿ ತಂದು ಅವನ ತಲೆಯ ಪಕ್ಕದಲ್ಲಿ ನೆಟ್ಟ.

ಅದು ಗರಗಸದವರ ಆಟ. ಬಿಡುವಿನ ದಿನ ನಲವತ್ತು ಹೆಜ್ಜೆಯಲ್ಲಿ ಗೂಟ ನೆಡುತ್ತಾರೆ. ಬೀಳುವ ಮರ ಆ ಗೂಟವನ್ನು ನೆಲದೊಳಕ್ಕೆ ಇಳಿಸಬೇಕು. ಮೇಸ್ತ್ರಿ ಹದಿನೆಂಟು ವರ್ಷದಲ್ಲಿ ಒಂದು ಗೂಟವನ್ನೂ ತಪ್ಪಿಸಿರಲಿಲ್ಲ. ಮರವನ್ನು ದಾರದಲ್ಲಿ ಕಟ್ಟಿ ಇಳಿಸುತ್ತಾನೆ ಎನ್ನುತ್ತಿದ್ದರು.

"ನಂಗಾಗಲ್ಲ," ಎಂದ ಮೇಸ್ತ್ರಿ.

"ಹಂಗಾದ್ರೆ ಭಾವನ ಪಕ್ಕದಲ್ಲಿ ನೀನೂ ಮಲಗು. ಗರಗಸ ನಾನು ಹಿಡೀತೀನಿ. ನನ್ನ ಕೈ ಅಷ್ಟು ಸಾಪು ಇಲ್ಲ, ಸಾಯೋಕೆ ಸ್ವಲ್ಪ ಹೊತ್ತು ಹಿಡೀಬಹುದು," ಎಂದ ಗೂಳಿ, ಕೊಡಲಿಯನ್ನು ಹೆಗಲಿಗೇರಿಸಿ.

ಮೇಸ್ತ್ರಿ ಗರಗಸ ಎತ್ತಿಕೊಂಡ. ಅದರ ಎಂಜಿನ್ನು ಹಗ್ಗದ ಮೂರನೆಯ ಎಳೆತಕ್ಕೆ ಹತ್ತಿಕೊಂಡಿತು.

ಗುರುತುಗಾರ ಮಲಗಿದಲ್ಲಿಂದಲೇ ನೋಡಿದ. ಹತ್ತಿರದ್ದಕ್ಕಷ್ಟೇ ಅವನಿಗೆ ಕನ್ನಡಕ ಬೇಕಾಗಿತ್ತು, ದೂರದ್ದೆಲ್ಲ ನಿಚ್ಚಳವಾಗಿತ್ತು. ಮರದ ಮುಂಭಾಗದಲ್ಲಿ ಬಾಯಿಯ ಹಾಗೆ ಒಂದು ಕಚ್ಚು ಕೊರೆದದ್ದಾಯಿತು. ಬಾಯಿ ಎಲ್ಲಿಗೆ ತೆರೆಯುತ್ತದೋ ಮರ ಅಲ್ಲಿಗೆ ಬೀಳುತ್ತದೆ. ಅದು ನೇರವಾಗಿ ತನ್ನ ಕಡೆಗೇ ತೆರೆದಿತ್ತು. ಎಂಥ ಚಂದದ ಕೊಯ್ತ ಎಂದು ಮನಸ್ಸಿಗೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಮೇಸ್ತ್ರಿ ಹಿಂದಕ್ಕೆ ಹೋಗಿ ಬೆನ್ನಿನ ಕೊಯ್ತ ಹಾಕಿದ. ಎರಡು ಕೊಯ್ತಗಳ ನಡುವೆ ನಾಲ್ಕು ಬೆರಳಷ್ಟು ಮರ ಬಾಗಿಲ ಕೀಲಿನ ಹಾಗೆ ಉಳಿಯಬೇಕು, ಎರಡು ತುದಿಗೂ ಒಂದೇ ದಪ್ಪ. ಮರ ಗುರಿ ಬಿಟ್ಟು ಹೋಗದಂತೆ ಹಿಡಿಯುವುದು ಅದೇ.

ದೇವರೇ, ಅವನನ್ನು ಕ್ಷಮಿಸು, ಎಂದುಕೊಂಡ. ಕೊನೆಗೂ ಬೇಡುವುದಕ್ಕೆ ಒಂದು ಮಾತು ಸಿಕ್ಕಿತ್ತು.

ಅಷ್ಟರಲ್ಲಿ, ಮರದ ಬಾಯಿಯ ಒಂದು ಮೂಲೆಯಲ್ಲಿ, ಗರಗಸದ ತುದಿ ಹೊರಗೆ ಇಣುಕಿತು. ಕೀಲು ಒಂದು ಕಡೆ ಕತ್ತರಿಸಿಹೋಗಿತ್ತು. ಕೆಲಸಕ್ಕೆ ಬಂದ ಮೊದಲ ವಾರದಲ್ಲಿ ಹೊಸಬರು ಮಾಡುವ ತಪ್ಪು ಅದು.

ಮರ ನರಳಿತು, ಅರ್ಧ ದಾರಿ ನೇರವಾಗಿ ಬಂದು, ಯಾರೋ ಭುಜ ಹಿಡಿದು ತಿರುಗಿಸಿದಂತೆ ಹೊರಳಿ, ಪಕ್ಕದ ಎಳೆಮರಗಳನ್ನು ಮುರಿದುಕೊಂಡು ಹನ್ನೆರಡು ಅಡಿ ಆಚೆ ಅಪ್ಪಳಿಸಿತು. ನೆಲ ಎದ್ದು ಬಿತ್ತು. ಒಂದು ರೆಂಬೆ ಗುರುತುಗಾರನ ಹಣೆಯನ್ನು ಸೀಳಿಕೊಂಡು ಹೋಯಿತು.

ಧೂಳು ಇಳಿದಾಗ ಗೂಳಿಯ ಧ್ವನಿ ಕೇಳಿತು. "ಏನಾಯ್ತು?"

"ಗಾಳಿ," ಎಂದ ಮೇಸ್ತ್ರಿ.

ಗೂಳಿ ತಲೆ ಎತ್ತಿ ನೋಡಿದ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಮೇಲೆ ಅವನು ಮೇಸ್ತ್ರಿಯನ್ನು ಹೊಡೆಯತೊಡಗಿದ. ಕೊಡಲಿಯ ಹಿಂಬದಿ ಮೊದಲು ಪಕ್ಕೆಗೆ, ಅನಂತರ ಮೊಣಕೈಗೆ, ಬಿದ್ದ ಮೇಲೆ ಕಾಲಿಗೆ. ಗರಗಸ ಬೀಸಿದ್ದರೆ ಮೇಸ್ತ್ರಿ ಅವನನ್ನು ಎರಡು ತುಂಡು ಮಾಡಬಹುದಿತ್ತು. ಅದರ ಎಂಜಿನ್ನು ನಿಲ್ಲಿಸಿ ಕೆಳಗಿಟ್ಟಿದ್ದ. ಮೂಳೆಯ ಸದ್ದು ಗುರುತುಗಾರನವರೆಗೂ ಕೇಳಿತು. "ಸಾಕು ಕಣಯ್ಯ, ಸಾಕು! ಜೀಪು!" ಎಂದು ಮೋಟು ಕೂಗಿದ. ತಪಾಸಣೆಯವರು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಗೂಳಿ ಕೊನೆಯದಾಗಿ ಒಮ್ಮೆ ಒದ್ದು, ಪುಸ್ತಕವನ್ನು ಅಲ್ಲೇ ಬಿಸಾಕಿ, ಬುಡಗಳನ್ನು ಹಾರುತ್ತ ಮೋಟುವಿನ ಹಿಂದೆ ಓಡಿದ.

ಗುರುತುಗಾರ ಎಡಗೈ ಊರಿಕೊಂಡು ತೆವಳಿದ. ಭಾವಮೈದುನನ ತಲೆಯನ್ನು ಎತ್ತಿ ಒಳ್ಳೆಯ ಕಾಲಿನ ಮೇಲೆ ಇಟ್ಟುಕೊಂಡ. ಉದ್ದ ಕೂದಲಿನ ತುಂಬ ಮರದ ಪುಡಿ, ರಕ್ತ.

"ಗಾಳಿ ಇತ್ತು ಭಾವ," ಎಂದ ಅವನು.

"ಹೂಂ."

"ಅವರು ಕೇಳಿದ್ರೆ..."

"ಕೇಳಿದ್ರೆ ಇದ್ದದ್ದು ಹೇಳ್ತೀನಿ."

"ಗೊತ್ತು." ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ನಿಮ್ಮ ಬಾಯಿಗೊಂದು ಬೀಗ ತರಬೇಕು ಅಂತಿದ್ಲು ಅಕ್ಕ."

ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಇಬ್ಬರನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಹಿಂದಿನ ಸೀಟು ಮಡಚಲು ಚಾಲಕನಿಗೆ ಕೂಗಿ ಹೇಳಿದಳು. ಅವನು ಜಾಗ ಮಾಡುವಷ್ಟರಲ್ಲಿ ಬುಡಗಳ ಮೇಲೆ ಅವಳ ಕಣ್ಣು ಹೋಯಿತು.

"ಇಷ್ಟು ದಪ್ಪ ಮರಗಳನ್ನ ಯಾಕೆ ಕೊಟ್ರಿ? ಎಲ್ಲದರಲ್ಲೂ ನಿಮ್ಮ ಗುರುತೇ ಇದೆ."

"ಸುತ್ತಿಗೆ ನನ್ನದು. ಏಟು ನನ್ನದಲ್ಲ."

"ಮತ್ತೆ ಯಾರದು?"

ತೊಡೆಯ ಮೇಲಿನ ತಲೆ ಅಲುಗಲಿಲ್ಲ. ಗುರುತುಗಾರ ಅದರ ಕೂದಲಿನಲ್ಲಿ ಸಿಕ್ಕಿದ್ದ ಒಂದು ಚಕ್ಕೆಯನ್ನು ಎಡಗೈಯಿಂದ ತೆಗೆದ.

"ಇವನದು. ನನ್ನ ಹೆಂಡತಿಯ ತಮ್ಮ. ಹತ್ತೊಂಬತ್ತು. ನನ್ನ ಕೈ ಆಗಲ್ಲ, ನೀವೇ ಬರ್ಕೊಳ್ಳಿ."

ಅವಳು ಪುಸ್ತಕ ಎತ್ತಿಕೊಂಡು ಬರೆದಳು. "ಆ ಮರ?"

"ಇಪ್ಪತ್ತನೇದು ನಾನು ಗುರುತು ಹಾಕಿದ್ದು." ಉಸಿರು ಎಳೆದುಕೊಂಡ. "ಅದೊಂದು ಸರಿಯಾಗಿ ಬಿದ್ದಿದೆ. ಅದನ್ನೂ ಬರ್ಕೊಳ್ಳಿ."

ಕೀಲು ಹರಿದು, ಎಳೆಮರಗಳನ್ನೆಲ್ಲ ಜಜ್ಜಿಕೊಂಡು ಅಡ್ಡಾದಿಡ್ಡಿ ಬಿದ್ದಿದ್ದ ಆ ಮರವನ್ನು ಅವಳು ನೋಡಿದಳು. ಮುದುಕನ ಮುಖ ನೋಡಿದಳು. ಪೆನ್ಸಿಲು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ಜೀಪು ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಹೊರಟಿತು. ಹಿಂದೆ ಬಯಲಲ್ಲಿ, ಹೊಸದಾಗಿ ಚೂಪು ಮಾಡಿದ ಗೂಟ ನೆಟ್ಟಗೆ ನಿಂತಿತ್ತು. ಜೀಪು ಎಬ್ಬಿಸಿದ ಧೂಳು ಅದರ ತಲೆಯ ಮೇಲೆ ಇಳಿಯುತ್ತಿತ್ತು.