ಹರಿಯಬಾರದ ಕಾಗದ

"ಗಂಡನ್ನ ಬಿಟ್ಟೆ ಅಂದ್ರೆ ತೆರಿಗೇನೂ ಬಿಟ್ಟಂಗಾಯ್ತೇನಮ್ಮ? ಅದನ್ನೂ ಸೋಡಾಚೀಟಿ ಕೊಟ್ಟು ಆಚೆ ಹಾಕ್ತೀಯಾ?"

ತೆರಿಗೆ ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. ಜವಾನ ನೋಟೀಸು ಹಚ್ಚಲು ನಮ್ಮ ಬಾಗಿಲಿಗೆ ಅಂಟು ಬಳಿಯುತ್ತಿದ್ದ. ಅಮ್ಮ ಇಸ್ತ್ರಿ ನಿಲ್ಲಿಸಲಿಲ್ಲ; ಯಾರದೋ ಅಂಗಿಯ ಕಾಲರು ಅರ್ಧವಾಗಿತ್ತು.

"ಮನೆ ನಂಗೇ ಅಂತ ಕೋರ್ಟು ಹೇಳಿದೆ ಸ್ವಾಮಿ."

"ಹೇಳಿರ್ಬೋದು. ಮನೆ ಪತ್ರದಲ್ಲಿ ಇನ್ನೂ ಇಬ್ಬರ ಹೆಸರೂ ಇದೆ. ಜಂಟಿ. ಅವನು ವ್ಯಾಪಾರದ ತೆರಿಗೆ ಕಟ್ಟಿಲ್ಲ, ಅದಕ್ಕೆ ಮನೆ ಜಪ್ತಿ. ಕಟ್ಟದಿದ್ರೆ ಹರಾಜು."

"ಅವನ ಹೆಸರು ತೆಗೀಬೇಕಾದ್ರೆ ಅವನೇ ಬಂದು ಸಹಿ ಹಾಕ್ಬೇಕಂತೆ. ಆ ಹಲ್ಕಾ ನನ್ಮಗ ಬರ್ತಾನಾ? ಋಣ ಹರೀತು ಅಂದ್ಕೊಂಡಿದ್ದೆ. ಹೋಗಿ ಅವನ ಬಣ್ಣದಂಗಡಿಗೆ ಅಂಟಿಸಿ ಇದನ್ನ."

"ಅಂಗಡಿ ಅವನ ತಮ್ಮನ ಹೆಸರಲ್ಲಿದೆ. ಬುದ್ಧಿವಂತ." ಸಾಹೇಬರು ನನ್ನತ್ತ ತಿರುಗಿದರು. "ಡಿಗ್ರಿ ಮಾಡಿರೋ ಮಗಳು ಇವಳೇನಾ? ಬಾಯಿಗೂ ಜಪ್ತಿ ಆಗಿದ್ಯಾ?"

ಉತ್ತರ ಗಂಟಲವರೆಗೆ ಬಂದು ಕೂತಿತು. ನಾಲ್ಕು ಜನರೆದುರು ಅದು ಯಾವತ್ತೂ ಅಲ್ಲೇ ಕೂರುತ್ತದೆ.

"ಹರಿದ್ರೆ ಜೈಲು, ನೆನಪಿರಲಿ," ಎಂದು ಹೊರಟರು.

ಜೀಪು ತಿರುವು ದಾಟಿತು. ಅಮ್ಮ ಹಳೇ ಬಟ್ಟೆಯನ್ನು ಒದ್ದೆ ಮಾಡಿ ನೋಟೀಸಿನ ಮೇಲೆ ಹಿಡಿದಳು. ಅದರ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಚುಸ್ ಎಂದು ಆವಿ ಎದ್ದಿತು, ಅಂಟು ಬಿಟ್ಟಿತು. ಹಾಲಿನ ಕೆನೆ ತೆಗೆಯುವ ಹಾಗೆ ಕಾಗದವನ್ನು ಇಡಿಯಾಗಿ ಎತ್ತಿದಳು.

"ಅಮ್ಮಾ, ಕೇಸಾಗುತ್ತೆ."

"ಹರೀಬೇಡ ಅಂದ. ನಾನೇನು ಹರಿದ್ನಾ?"

ನನ್ನನ್ನೂ ಕರೆದುಕೊಂಡು ಹೋಗಿ, ಅಪ್ಪನ ಬಣ್ಣದಂಗಡಿಯ ಗಾಜಿನ ಬಾಗಿಲಿಗೆ ಅವಳೇ ಅದನ್ನು ಅಂಟಿಸಿದಳು, ಬಟ್ಟೆಗೆ ಹಾಕುವ ಗಂಜಿಯಿಂದ, ಒಂದು ಸುಕ್ಕೂ ಇಲ್ಲದಂತೆ. ಗಿರಾಕಿಗಳು ಸೇರಿದರು. ಅಪ್ಪ ಹೊರಗೆ ಬಂದ.

"ಏನೇ ಲೌಡಿ ಇದು? ತೆಗಿ."

"ನಿಂದೇ ಕಾಗದ. ವಿಳಾಸ ತಪ್ಪಿ ನಮ್ಮನೆಗೆ ಬಂದಿತ್ತು."

ಯಾರೋ ಕಿಸಕ್ಕೆಂದರು. ಅಪ್ಪ ಕಾಗದದ ಮೂಲೆಗೆ ಕೈ ಹಾಕಿದ.

"ಹರಿ. ಹರಿದೋರಿಗೆ ಜೈಲಂತೆ."

ಕೈ ನಿಂತಿತು. ಅವನು ಗಿರಾಕಿಗಳತ್ತ ತಿರುಗಿ ನಗಲು ನೋಡಿದ. "ಹೆಬ್ಬೆಟ್ಟು ಇವಳು. ಅದರಲ್ಲಿ ಏನಿದೆ ಅಂತ ಗೊತ್ತಾ ಇವಳಿಗೆ? ಕೇಳಿ."

ನಿಜ, ಅಮ್ಮನಿಗೆ ಓದು ಬರದು. ಅವಳು ನನ್ನ ಮುಖ ನೋಡಿದಳು.

ಓದಲು ಶುರುಮಾಡಿದೆ. ಅಪ್ಪನ ಹೆಸರು, ಅವನ ಅಪ್ಪನ ಹೆಸರು, ಎಷ್ಟು ವರ್ಷದ ಬಾಕಿ. ದನಿ ನಡುಗಿ ಎರಡು ಸಲ ತುಂಡಾಯಿತು.

"ಮಗಳೇ, ಒಳಗ್ ಬಾ, ಕೂತು ಮಾತಾಡೋಣ." ಅಪ್ಪನ ದನಿ ನನ್ನದಕ್ಕಿಂತ ಸಣ್ಣದಾಗಿತ್ತು.

"ಹಿಂದುಗಡೆಗೆ ಕೇಳಿಸ್ತಿಲ್ಲ ಕಣಮ್ಮ," ಎಂದಿತು ಗುಂಪಿನಿಂದ ಒಂದು ಗಂಟಲು.

ಮತ್ತೆ ಮೊದಲಿನಿಂದ, ಅಪ್ಪನ ಹೆಸರಿನಿಂದ, ಗಟ್ಟಿಯಾಗಿ ಓದತೊಡಗಿದೆ.