ಸೂತಕದಲ್ಲಿ ಶಾಲೆಗೆ

ನನ್ನ ಹೆಂಡತಿ ಸುನಂದ ತೀರಿಕೊಂಡಳೆಂದು ಕೋಲಾರದ ಆಸ್ಪತ್ರೆಯಿಂದ ಮಗನ ಫೋನು ಬಂದಾಗ, ದಿಲ್ಷಾದ್ ನಮ್ಮ ಜಗಲಿಯ ಮೇಲೆ ಅವಳಿಗಾಗಿಯೇ ಕಾದು ಕುಳಿತಿದ್ದಳು. ಎದೆನೋವೆಂದು ಬೆಳಗಿನ ಬಸ್ಸಿಗೆ ಹೋದ ಸುನಂದ, ಮಧ್ಯಾಹ್ನ ಬಂದು ಶಾಲೆಗೆ ಜೊತೆಯಾಗುತ್ತೇನೆಂದು ದಿಲ್ಷಾದಳಿಗೆ ಮಾತು ಕೊಟ್ಟಿದ್ದಳು.

ಸುನಂದ ಮಾಸ್ತಿಯಲ್ಲಿ ಅಂಗನವಾಡಿ ನಡೆಸಿದವಳು. ಮಕ್ಕಳನ್ನು ಶಾಲೆಯಲ್ಲಿ ಯಾರಾದರೂ ಗೋಳಾಡಿಸಿದರೆ ತಾಯಂದಿರು ಅವಳ ಬಳಿ ಬರುತ್ತಿದ್ದರು. ದಿಲ್ಷಾದಳ ಮಗಳು ಮಿಸ್ಬಾಗೆ ಮಾತು ತೊದಲುತ್ತದೆ. ಹಾಜರಿ ಕೂಗಿದಾಗ ತರಗತಿಯೆಲ್ಲ ಅವಳಂತೆಯೇ ತೊದಲಿ ನಗುತ್ತಿತ್ತು. ಈಗ ಅವಳು ಬೆಳಗಾದರೆ ಹೊಟ್ಟೆನೋವೆಂದು ಮುದುರಿಕೊಳ್ಳುತ್ತಿದ್ದಳು.

ಮಣ್ಣು ಮಾಡಿ ಬಂದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಸೂತಕ, ದೇವರ ಮುಂದೆ ದೀಪ ಹಚ್ಚುವಂತಿಲ್ಲ. ಅಂಗಳಕ್ಕೂ ಹಿತ್ತಲಿಗೂ ತಿರುಗುತ್ತಿದ್ದೆ. ಹಾಗಿರುವಾಗ ದಿಲ್ಷಾದ್ ಒಬ್ಬಳೇ ಹೋಗುವುದು ಕಂಡಿತು. ಎಲ್ಲಿಗೆಂದು ಕೇಳಿದೆ.

“ಟಿ.ಸಿ. ತಗೊಂಡ್ಬಿಡ್ತೀನಿ ಅಪ್ಪಾಜಿ. ಮನೇಲಿದ್ರೆ ಯಾರೂ ಆಡ್ಕೊಳ್ಳಲ್ಲ.”

ಚಪ್ಪಲಿ ಮೆಟ್ಟಿ ಹೊರಟೆ. ಎದುರುಮನೆಯ ಸೊಣ್ಣಪ್ಪ ಅಡ್ಡ ಬಂದ.

“ಏನ್ಲಾ, ಸೂತಕದಾಗೆ ಇಸ್ಕೂಲ್ಗಾ? ಸರಸ್ವತಿ ಇರೋ ಜಾಗ ಕಣೋ.”

“ಒಳಕ್ಕೆ ಹೋಗಲ್ಲ ಕಣೋ. ಬಾಗಿಲಾಚೆ ನಿಂತ್ಕೊತೀನಿ.”

ಹಾಗೆಯೇ ನಿಂತೆ. ಹೆಡ್‌ಮಾಸ್ತರರು ದಿಲ್ಷಾದಳನ್ನು ಬಿಟ್ಟು ನನ್ನನ್ನೇ ಒಳಗೆ ಕರೆದರು, ಏನು ವಿಷಯವೆಂದು ನನ್ನನ್ನೇ ಕೇಳಿದರು. ಸೂತಕವೆಂದೆ, ಮಾತು ತಾಯಿಯದು, ಅವಳನ್ನೇ ಕೇಳಿ ಎಂದೆ. ಅವಳು ಸೆರಗು ಹಿಂಡುತ್ತ ಹೇಳತೊಡಗಿದಳು. ಮಕ್ಕಳ ತಮಾಷೆ, ದೊಡ್ಡದು ಮಾಡಬೇಡಿ ಎಂದರು ಅವರು. ಅವಳು ಬಾಗಿಲತ್ತ ತಿರುಗಿದಳು. ಟಿ.ಸಿ. ಕೇಳಿಬಿಡುತ್ತಾಳೆಂದುಕೊಂಡೆ. ನನಗೆ ಮಾಡಲು ತಿಳಿದದ್ದು ಒಂದೇ, ಅಲ್ಲಿಂದ ಕದಲದಿರುವುದು.

“ತಮಾಷೆ ಅಂದ್ರೆ ನನ್ನ ಮಗಳೂ ನಗ್ಬೇಕಲ್ಲ ಸಾರ್,” ಎಂದಳು ಅವಳು.

ಹೆಡ್‌ಮಾಸ್ತರರು ತರಗತಿಯ ಮೇಡಂ ಅವರನ್ನು ಕರೆಸಿ, ನಾಳೆಯಿಂದ ಹಾಜರಿ ತಾವೇ ಕೂಗುವುದಾಗಿಯೂ ಆ ಮಕ್ಕಳ ತಂದೆತಾಯಿಯರನ್ನು ಕರೆಸುವುದಾಗಿಯೂ ಹೇಳಿದರು. ದಿಲ್ಷಾದ್ ಟಿ.ಸಿ.ಯ ಮಾತೆತ್ತಲಿಲ್ಲ.

ಇದರಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ನಾಳೆ ಮಿಸ್ಬಾ ಹೊರಟರೆ ಹೊರಟಳು. ಮನೆಗೆ ಮರಳುವ ದಾರಿಯುದ್ದಕ್ಕೂ ದಿಲ್ಷಾದ್ ಅಳುತ್ತಿದ್ದಳು; ಮಗಳಿಗಾಗಿಯೋ ಸುನಂದಳಿಗಾಗಿಯೋ, ನಾನು ಕೇಳಲಿಲ್ಲ. ಸೂತಕದಲ್ಲಿ ಗುಡಿಗೆ ಹೋಗಿ ಕೈಮುಗಿಯುವಂತಿರಲಿಲ್ಲ; ನಡೆಯುತ್ತಲೇ ಮನಸ್ಸಿನಲ್ಲಿ ಬೇಡಿಕೊಂಡೆ: ಕುರುಡುಮಲೆ ಗಣಪ, ನನ್ನ ಸುನಂದ ಯಾವ ತಾಯಿಯನ್ನೂ ಒಬ್ಬಳೇ ಕಳಿಸಿದವಳಲ್ಲ. ಅವಳು ಹೋಗುವ ದಾರಿಯಲ್ಲಿ ನೀನು ಜೊತೆಗಿರು. ಅವಳ ಜೀವಕ್ಕೆ ಶಾಂತಿ ಕೊಡು.