ಮಲ್ಸುನ್ ಕೇಳಿದ ಓಟು

"ಥೂ, ನಿನ್ನ ಬಾಯಿಗೆ ಮಣ್ಣು ಬೀಳ! ನಿನ್ನ ಮಾತು ಕೇಳ್ಕಂಡು ಆ ಸೂಳೆಮಗನಿಗೆ ಓಟು ಹಾಕಿದ್ವಲ್ಲೇ!"

ಪಿಲ್ನ್ಯೊ ಕೈಯಲ್ಲಿದ್ದ ಮೀನನ್ನು ಹಲಗೆಗೆ ಅಪ್ಪಳಿಸಿದಳು. ಎದುರಿಗಿದ್ದ ಮಲ್ಸುನ್ ತಲೆ ಎತ್ತಲಿಲ್ಲ. ಮೀನಿನ ಹೊಟ್ಟೆ ಸೀಳುತ್ತಲೇ ಇದ್ದಳು.

ಕೊರಿಯಾದ ಆ ಬಂದರಿನಲ್ಲಿ ಮೀನು ಸೀಳುವವರೆಲ್ಲ ಗುಡ್ಡದ ಕೇರಿಯ ಹೆಂಗಸರು. ಯುದ್ಧದಲ್ಲಿ ಉತ್ತರದಿಂದ ಓಡಿಬಂದವರು ತಗಡು ಹೊದಿಸಿ ಕಟ್ಟಿಕೊಂಡ ಕೇರಿ ಅದು. ಅದನ್ನು ಕೆಡವಿ ಹೋಟೆಲು ಕಟ್ಟಲು ನಗರಸಭೆ ಒಪ್ಪಿತ್ತು. ಅಧ್ಯಕ್ಷನ ಕುರ್ಚಿಯಲ್ಲಿದ್ದವನು ಓಕ್ ಗಿಹ್ವಾನ್.

ಹಿಂದೆ ಇದೇ ಕೇರಿಯನ್ನು ಕೆಡವಲು ಬಂದಾಗ ಪುಕ್ಕಟೆ ವಾದಿಸಿ ಗೆದ್ದುಕೊಟ್ಟ ಹುಡುಗ ವಕೀಲನೂ ಅವನೇ. ಮಲ್ಸುನ್ ಮನೆಯ ನೆಲದ ಮೇಲೆ ಕೂತು ಬಾರ್ಲಿ ಅನ್ನ, ಕಿಮ್ಚಿ ತಿಂದು, "ಅಕ್ಕಾ, ಇನ್ನೊಂಚೂರು ಹಾಕು" ಅಂದವನು. ಚುನಾವಣೆಗೆ ನಿಲ್ಲು ಎಂದು ಹಟ ಹಿಡಿದವಳು ಅವಳೇ. ಆಮೇಲೆ ಪ್ರತಿ ಚುನಾವಣೆಯಲ್ಲೂ ಮನೆ ಮನೆ ತಿರುಗಿದಳು. "ನಮ್ಮೋನು ಕಣ್ರೇ, ಕೈ ಬಿಡಲ್ಲ." ಗೆದ್ದ ಮೇಲೆ ಅವನು ಗುಡ್ಡ ಹತ್ತುವುದು ಕಡಿಮೆಯಾಯಿತು. ಅವನಿಗೆ ಮಂಡಿನೋವು ಎಂದು ಕೇರಿಗೆಲ್ಲ ಸಮಜಾಯಿಷಿ ಕೊಟ್ಟವಳೂ ಅವಳೇ.

ಮಾರನೆಯ ದಿನ ಅವಳು ನಗರಸಭೆಗೆ ಹೋದಳು. ಕಾರ್ಯದರ್ಶಿ ಮೂಗು ಮುಚ್ಚಿಕೊಂಡ.

"ಸೋಫಾ ಮೇಲೆ ಕೂರಬೇಡಮ್ಮ, ವಾಸನೆ ಹತ್ತುತ್ತೆ."

ಅವಳು ನಿಂತೇ ಕಾದಳು. ಹೊರಬಂದ ಓಕ್ ಅವಳನ್ನು ಕಂಡು ಬೆಚ್ಚಿದ.

"ಏನು ಅಮ್ಮನವರೇ, ಚೆನ್ನಾಗಿದ್ದೀರಾ?"

"ಅಕ್ಕ ಅಂತಿದ್ರಿ, ವಕೀಲ್ರೇ."

ಅವನು ಕಾರ್ಯದರ್ಶಿಯತ್ತ ನೋಡಿದ.

"ಕೇರಿ ಉಳೀತದಾ? ಅದೊಂದು ಹೇಳಿ."

"ಕಾನೂನು ಬದಲಾಗಿದೆ. ನನ್ನ ಕೈಲಿ ಏನಿದೆ?"

"ಆವತ್ತು ನಿಮ್ಮ ಕೈಲಿ ಏನಿತ್ತು?"

ಓಕ್‌ನ ಮುಖ ಬಿಳಿಚಿತು. ತಗ್ಗಿದ ದನಿಯಲ್ಲಿ, "ಬರುವ ವಾರ ನಗರಸಭೆಯವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಬನ್ನಿ. ಕೇರಿ ಪರವಾಗಿ ಹೂಗುಚ್ಛ ನೀವೇ ಕೊಡಬೇಕು" ಅಂದ. ಅವಳು ಆಗಲಿ ಅಂದಳು.

ಸನ್ಮಾನದ ದಿನ ಕೇರಿಯವರನ್ನು ಬಸ್ಸಿನಲ್ಲಿ ತುಂಬಿ ತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ಮಲ್ಸುನ್ ವೇದಿಕೆ ಹತ್ತಿ, ಹೂವನ್ನು ಓಕ್‌ಗೆ ಕೊಡದೆ ನೆಲದ ಮೇಲಿಟ್ಟು ಮೈಕು ಹಿಡಿದಳು.

"ಈ ಮನ್ಸನಿಗೆ ಓಟು ಹಾಕಿ ಅಂತ ನಿಮ್ಮನ್ನ ಕೇಳಿದೋಳು ನಾನು. ಅವನು ನಮ್ಮನ್ನ ಮಾರೋದು ಮೊದ್ಲೇ ಕಂಡಿತ್ತು. ಕಂಡರೂ ಓಟು ಕೇಳ್ದೆ. ನಗರಸಭೆ ಅಧ್ಯಕ್ಷ ನನ್ನ ಮನೇಲಿ ಉಂಡೋನು ಅನ್ನೋ ಕೊಬ್ಬು ನಂಗೆ. ತಪ್ಪಾಯ್ತು."

ಯಾರೋ ಮೈಕು ಬಂದ್ ಮಾಡಿದರು. ಅವಳು ಓಕ್‌ಗೆ ಬೆನ್ನು ಹಾಕಿ ಕೇರಿಯವರ ಕಡೆ ಮಂಡಿಯೂರಿ, ಹಣೆಯನ್ನು ವೇದಿಕೆಯ ಹಲಗೆಗೆ ಹಚ್ಚಿದಳು. ಓಕ್ ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತ.

ಕಾರ್ಯದರ್ಶಿ ಓಡಿಬಂದು ಅವಳ ರಟ್ಟೆ ಹಿಡಿದೆಳೆದ. ಅಷ್ಟರಲ್ಲಿ ಪಿಲ್ನ್ಯೊ ವೇದಿಕೆ ಹತ್ತಿಬಂದಿದ್ದಳು.

"ಕೈ ತೆಗಿಯೋ, ಬೇವರ್ಸಿ!"

ಅವನನ್ನು ಆಚೆ ನೂಕಿ ಮಲ್ಸುನ್ ಪಕ್ಕ ಕಾವಲು ನಿಂತಳು.

"ಏಳೇ ಮುಂಡೆ. ನಿನ್ನ ಮೇಲಿನ ಸಿಟ್ಟು ನಂಗಿನ್ನೂ ಹೋಗಿಲ್ಲ."

ಮಲ್ಸುನ್ ಏಳಲಿಲ್ಲ. ಹಿಂದಿನ ಸಾಲುಗಳಲ್ಲಿ ಒಬ್ಬೊಬ್ಬರೇ ಎದ್ದು ನಿಲ್ಲತೊಡಗಿದರು.